ಬೆಳ್ಳಗಿರುವುದೆಲ್ಲ ಹಾಲಲ್ಲ

ನಮ್ಮ ಸಂಘದ ತರುಣ ಮಿತ್ರರಿಬ್ಬರು ಪುಣೆಯ ಸುತ್ತಮುತ್ತ ತೆಗೆದ ಹತ್ತು ಹನ್ನೆರಡು ಕಪ್ಪು-ಬಿಳುಪು ಛಾಯಾಚಿತ್ರಗಳನ್ನು ಈಚೆಗೆ ನೋಡಿದೆವು. ಪರ್ವತಿ ಗುಡ್ಡದ ಮರಗಳ ಮೇಲೆ ಹಿಮ ಬಿದ್ದಂತಿದೆ. ಆಕಾಶ ಕಾಡಿಗೆಯಂತೆ ಕಪ್ಪು. ಇವು ಇನ್‌ಫ್ರಾರೆಡ್, ಅಂದರೆ ಅವಗೆಂಪು ಬೆಳಕಿನ ಚಿತ್ರಗಳು. ಮೊದಲ ನೋಟಕ್ಕೆ ನಾವೂ ಬೆರಗಾದೆವು. ಆರನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಆ ಬೆರಗು ಇಳಿದಿತ್ತು. ಏಕೆಂಬುದನ್ನು ಹೇಳಿದರೆ ಹೊಸದಾಗಿ ಈ ಹವ್ಯಾಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತು.

ಕಣ್ಣಿಗೆ ಕಾಣುವ ಕೆಂಪಿನಾಚೆಗೂ ಬೆಳಕುಂಟು. ಹಸಿ ಎಲೆ ಕೆಂಪನ್ನು ಹೀರಿಕೊಂಡು, ಅದರಾಚೆಯ ಅವಗೆಂಪನ್ನು ಬಹುಮಟ್ಟಿಗೆ ಹಿಂದಕ್ಕೆ ಕಳಿಸುತ್ತದೆ. ನೀರು ಅದನ್ನು ನುಂಗುತ್ತದೆ. ನಿರ್ಮಲ ಆಕಾಶ ಅದನ್ನು ಅಷ್ಟಾಗಿ ಚದರಿಸುವುದಿಲ್ಲ. ಆದ್ದರಿಂದ ಎಲೆ ಬಿಳಿ, ನೀರು-ಆಕಾಶಗಳು ಕಪ್ಪು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿಯೇ ಇಂಥ ಚಿತ್ರಗಳನ್ನು ಪ್ರಕಟಿಸಿದ್ದರು.

ಇದಕ್ಕೆ ಬೇಕಾದ ಸಲಕರಣೆ ಹೆಚ್ಚಿಲ್ಲ. ಕೊಡಕ್‌ನ ಹೆಸರಾಂತ ಇನ್‌ಫ್ರಾರೆಡ್ ಫಿಲ್ಮು 2007ರಲ್ಲಿ ನಿಂತುಹೋಯಿತು. ಡಿಜಿಟಲ್ ಕ್ಯಾಮೆರಾದೊಳಗೆ ಈ ಬೆಳಕನ್ನು ತಡೆಯುವ ಗಾಜಿರುತ್ತದೆಯಾದರೂ ಸಾಮಾನ್ಯವಾಗಿ ತಡೆ ಪೂರ್ಣವಲ್ಲ. ಟಿ.ವಿ. ರಿಮೋಟಿನ ತುದಿಯನ್ನು ಲೆನ್ಸಿನತ್ತ ಹಿಡಿದು ಗುಂಡಿ ಒತ್ತಿದಾಗ ತೆರೆಯ ಮೇಲೆ ಬೆಳಕು ಮಿನುಗಿದರೆ ಆ ಕ್ಯಾಮೆರಾ ನಡೆದೀತು. 720 ನ್ಯಾನೋಮೀಟರ್ ಫಿಲ್ಟರ್, ಅಲುಗದ ಸ್ಟ್ಯಾಂಡು, ಒಳ್ಳೆಯ ಬಿಸಿಲು, ಹಲವು ಸೆಕೆಂಡುಗಳ ಎಕ್ಸ್‌ಪೋಜರ್ ಇಷ್ಟಿದ್ದರೆ ಸಾಕು. ಫಿಲ್ಟರ್ ಕಣ್ಣಿಗೆ ಕತ್ತಲೆ. ಫೋಕಸ್ ಮೊದಲು, ಫಿಲ್ಟರ್ ಆಮೇಲೆ. ಅವಗೆಂಪು ಬೆಳಕಿನ ಫೋಕಸ್ ತುಸು ಬೇರೆ. ಹಳೆಯ ಅನೇಕ ಲೆನ್ಸುಗಳ ಮೇಲಿನ ಕೆಂಪು ಗುರುತು ಅದಕ್ಕಾಗಿಯೇ ಇದೆ.

ಮಿತ್ರರು ಇದೆಲ್ಲವನ್ನೂ ಚೆನ್ನಾಗಿ ಕಲಿತಿದ್ದಾರೆ. ನಮ್ಮ ತಕರಾರು ಬೇರೆ. ಯಾವ ಮರವನ್ನು ತೆಗೆದರೂ ಬೆಳ್ಳಗಾಗುವುದಾದರೆ ಅದು ಫಿಲ್ಟರಿನ ಗುಣವೇ ಹೊರತು ಚಿತ್ರಕಾರನದಲ್ಲ. ಕಲಾತೋಜೋವ್ ನಿರ್ದೇಶಿಸಿದ 1964ರ 'ಸೋಯ್ ಕ್ಯೂಬಾ' ಚಲನಚಿತ್ರವನ್ನು ನೆನೆಯಿರಿ. ಅಲ್ಲಿಯೂ ಇನ್‌ಫ್ರಾರೆಡ್ ಫಿಲ್ಮಿನಿಂದ ಕಬ್ಬಿನ ಗದ್ದೆ ಬೆಳ್ಳಿಯಂತೆ ಹೊಳೆಯುತ್ತದೆ. ಜಮೀನು ಕೈತಪ್ಪಿದ ಮುದುಕ ರೈತ ತಾನು ಬೆಳೆದ ಅದೇ ಕಬ್ಬಿಗೆ ಬೆಂಕಿಯಿಡುತ್ತಾನೆ. ಆ ಹೊಳಪು ಬರಿಯ ಚಂದಕ್ಕಲ್ಲ. ಕಳೆದುಹೋಗುವುದರ ಬೆಲೆಯನ್ನು ಅದು ತೋರಿಸುತ್ತದೆ.

ಮಿತ್ರರ ಚಿತ್ರಗಳಲ್ಲಿಯೂ ಅಂಥದೊಂದಿದೆ. ಮುಳಾ-ಮುಠಾ ನದಿಯನ್ನು ಬಂಡ್ ಗಾರ್ಡನ್ ಸೇತುವೆಯಿಂದ ತೆಗೆದದ್ದು. ದಂಡೆಯಿಂದ ದಂಡೆಗೆ ಬೆಳ್ಳನೆಯ ಹಾಸು, ನಡುವೆ ಅಲ್ಲಲ್ಲಿ ಕಪ್ಪು ನೀರು. ಅದಕ್ಕೆ 'ಬೆಳ್ಳಿ ಬಯಲು' ಎಂದು ಹೆಸರಿಟ್ಟಿದ್ದಾರೆ! ಆ ಬಿಳುಪು ಯಾವುದು? ಇಲ್ಲಿಯವರು ಜಲಪರ್ಣಿ ಎನ್ನುವ, ಚರಂಡಿಯ ಕೊಳೆಯನ್ನುಂಡು ಕೊಬ್ಬುವ ಕಳೆ. ಎಲೆಗೆ ಒಳ್ಳೆಯ ಆರೋಗ್ಯ, ರೋಗವಿರುವುದು ನದಿಗೆ. ಕಳೆ ಎಲ್ಲಿ, ನೀರೆಲ್ಲಿ ಎಂಬುದನ್ನು ಕಣ್ಣಿಗಿಂತ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸುವ ಚಿತ್ರ ಕೈಯಲ್ಲಿದ್ದೂ ಹೆಸರಿನಿಂದ ಅದನ್ನು ಮುಚ್ಚಿಬಿಟ್ಟಿದ್ದಾರೆ.

ನಿರುತ್ಸಾಹಗೊಳಿಸಲು ಈ ಮಾತಲ್ಲ. ಮಳೆಗಾಲದ ಪ್ರವಾಹ ಕಳೆಯನ್ನು ಕೊಚ್ಚಿಕೊಂಡು ಹೋಗಿ, ನೀರು ತಿಳಿಯಾದ ಮೇಲೆ ಅದೇ ಸೇತುವೆಯ ಮೇಲೆ, ಅದೇ ಜಾಗದಲ್ಲಿ ನಿಂತು ಇನ್ನೊಂದು ಚಿತ್ರ ತೆಗೆಯಲಿ. ಎರಡನ್ನೂ ಪಕ್ಕಪಕ್ಕದಲ್ಲಿ, ತಿಂಗಳು-ವರ್ಷಗಳನ್ನಷ್ಟೇ ಬರೆದು ತೂಗುಹಾಕಲಿ. ಹೆಸರು ಬೇಕಾಗಲಾರದು. ಆ ಜೋಡಿಯ ಮುಂದೆ ನಾವು ಖಂಡಿತ ಬಹಳ ಹೊತ್ತು ನಿಲ್ಲುತ್ತೇವೆ.