ಯಕ್ಷಗಾನ ರಂಗಸ್ಥಳ ಮತ್ತು ಬಾಡಿಗೆಯ ಬೆಳಕು

ಯಕ್ಷಗಾನದ ವಿಮರ್ಶೆ ಬರೆಯುವವರು ಭಾಗವತಿಕೆಗೆ ಒಂದು ಪುಟ, ಅರ್ಥಗಾರಿಕೆಗೆ ಎರಡು ಪುಟ, ನಾಟ್ಯಕ್ಕೂ ವೇಷಕ್ಕೂ ಅರ್ಧರ್ಧ ಪುಟ ಮೀಸಲಿಡುತ್ತಾರೆ. ಬೆಳಕಿನ ಪಾಲಿಗೆ ಬರುವುದು ಕೊನೆಯ ಒಂದು ವಾಕ್ಯ: 'ಧ್ವನಿ ಮತ್ತು ಬೆಳಕಿನ ವ್ಯವಸ್ಥೆ ಸಮರ್ಪಕವಾಗಿತ್ತು.' ಅಂಥ ವಾಕ್ಯಗಳನ್ನು ನಾವೂ ಸಾಕಷ್ಟು ಬರೆದಿದ್ದೇವೆ. ಕುಂಬಳೆಯ ಪಾರ್ತಿಸುಬ್ಬನ ಕಾಲ ಯಾವುದು, ಯಾವ ಪ್ರಸಂಗ ಅವನದು ಎಂಬುದರ ಬಗೆಗೆ ನಮ್ಮ ವಿದ್ವಾಂಸರು ಕಡು ವಾದಗಳನ್ನೇ ನಡೆಸಿದ್ದಾರೆ. ಅವನ ಪದಗಳಿಗೆ ಯಾವ ಬೆಳಕಿನಲ್ಲಿ ಕುಣಿಯಬೇಕೆಂದು ಯಾರೂ ಜಗಳವಾಡಿದ್ದನ್ನು ನಾವು ಕೇಳಿಲ್ಲ.

ಈ ಮೌನ ಸಲ್ಲದೆಂದು ನಮಗೆ ಮನವರಿಕೆಯಾದುದು ಕಳೆದ ವರ್ಷ, ಕಾಸರಗೋಡಿನ ನಮ್ಮೂರ ದೇವಸ್ಥಾನದ ಬಾಕಿಮಾರು ಗದ್ದೆಯಲ್ಲಿ ನಡೆದ 'ಪಂಚವಟಿ' ಆಟದಂದು. ಈ ಸಲ ಲೈಟಿಂಗ್ ಜೋರಾಗಿರಬೇಕೆಂದು ಸಮಿತಿಯ ತರುಣರು ಬಯಸಿದರು. ಬಾಡಿಗೆಯ ಕರಾರಿಗೆ ಅಧ್ಯಕ್ಷರ ಸ್ಥಾನದಲ್ಲಿದ್ದು ರುಜು ಹಾಕಿದವರು ನಾವೇ. ಆದ್ದರಿಂದ ಇಲ್ಲಿ ಬರೆಯುವ ಆಕ್ಷೇಪದಲ್ಲಿ ಮೊದಲ ಪಾಲು ನಮ್ಮದೆಂದು ಓದುಗರು ತಿಳಿಯಬೇಕು.

ಅಂದಿನ ಶೂರ್ಪನಖಿಯ ವೇಷಧಾರಿ ನುರಿತ ಹಿರಿಯರು. ಹೆಣ್ಣುಬಣ್ಣವೆಂದರೆ ತೆಂಕುತಿಟ್ಟಿನಲ್ಲಿ ಸಾಮಾನ್ಯ ಮಾತಲ್ಲ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿಯನ್ನು ಇಡುತ್ತ ಹೋಗುವುದು ಗಂಟೆಗಟ್ಟಲೆಯ ಕೆಲಸ. ಅವರು ಚೌಕಿಯಲ್ಲಿ ಕನ್ನಡಿಯ ಮುಂದೆ ಕುಳಿತುದನ್ನು ನಾವು ಸಂಜೆಯೇ ಕಂಡಿದ್ದೆವು. ಕೆಂಪು, ಕಪ್ಪು, ಹಳದಿ ರೇಖೆಗಳ ನಡುವೆ ಬಿಳಿಯ ಚುಟ್ಟಿಗಳು ಮುಳ್ಳಿನಂತೆ ಎದ್ದು ನಿಂತಿದ್ದವು. ಅದೇ ಮುಖ ರಂಗಸ್ಥಳಕ್ಕೆ ಬಂದಾಗ ಎಂಟು ಕಡೆಗಳಿಂದ ಕಡುಗೆಂಪು ಬೆಳಕು ಸುರಿಯಿತು. ರಾಕ್ಷಸಿ ಎಂದಮೇಲೆ ಕೆಂಪು ಎಂಬುದು ಬೆಳಕಿನವನ ತರ್ಕ. ಕೆಂಪು ಬೆಳಕಿನಲ್ಲಿ ಕೆಂಪು ಬಣ್ಣವೂ ಬಿಳಿ ಚುಟ್ಟಿಯೂ ಒಂದೇ ಆಗಿ ಕಾಣುತ್ತವೆ. ಹಳದಿಯೂ ಅವುಗಳಲ್ಲಿ ಕರಗಿ ಹೋಗುತ್ತದೆ. ಗಂಟೆಗಟ್ಟಲೆ ಬರೆದ ಮುಖ ಕ್ಷಣಾರ್ಧದಲ್ಲಿ ಅಳಿಸಿಹೋಯಿತು. ಮುಂದಿನ ಸಾಲಿನಲ್ಲಿ ಕುಳಿತ ಮಗುವೊಂದು, 'ಅಜ್ಜಾ, ಮುಖ ಎಲ್ಲಿ?' ಎಂದು ಕೇಳಿದುದು ನಮ್ಮ ಕಿವಿಗೆ ಬಿತ್ತು. ವಿಮರ್ಶಕರಾದ ನಮಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಆ ದೀಪಗಳನ್ನು ಸದ್ದಿಗೆ ತಕ್ಕಂತೆ ತಾವಾಗಿಯೇ ಕುಣಿಯುವಂತೆ ಇಟ್ಟಿದ್ದರು. ಚೆಂಡೆಯ ಪೆಟ್ಟು ಬಿದ್ದೊಡನೆ ಹಸುರು, ಮತ್ತೊಂದಕ್ಕೆ ನೀಲಿ, ಇನ್ನೊಂದಕ್ಕೆ ನೇರಳೆ. ಕುಣಿಯುತ್ತಿದ್ದವರು ಕಲಾವಿದರೋ ದೀಪಗಳೋ ಎಂಬಂತಾಯಿತು. ಬರಿದಾದ ಪರ್ಣಶಾಲೆಗೆ ಮರಳಿದ ರಾಮನು ಮಾತಿಲ್ಲದೆ ನಿಂತ ಸನ್ನಿವೇಶದಲ್ಲಿ ಭಾಗವತರು ಮದ್ದಳೆಯನ್ನೂ ನಿಲ್ಲಿಸಿ ಬರಿಯ ಕಂಠದಲ್ಲಿ ಪದವನ್ನು ಎತ್ತಿಕೊಂಡರು. ಆಗ ಹಿಂದಿನ ಜಾತ್ರೆ ಅಂಗಡಿಗಳ ಕಡೆಯಲ್ಲಿ ಯಾರೋ ಪಟಾಕಿ ಹಚ್ಚಿದರು. ದೀಪಗಳಿಗೆ ಅದೂ ಒಂದು ಪೆಟ್ಟು! ಶೋಕಮೂರ್ತಿಯಾದ ರಾಮನ ಮೇಲೆ ಹಸುರು ಬೆಳಕು ಹರಿದು, ಅವನ ಕೆಂಪು ದಗಲೆ ಮಸಿಯಾಯಿತು.

ಕೊನೆಯದಾಗಿ ಹೇಳಬೇಕಾದುದು ಅಪಾಯದ ಮಾತು. ಖರನ ವೇಷಧಾರಿ ಗಿರಕಿ ಹೊಡೆಯುತ್ತ ರಂಗದ ಅಂಚಿಗೆ ಬಂದಾಗ ಅವರ ಕಣ್ಣಿನ ನೇರಕ್ಕೆ ತಿರುಗುವ ದೀಪವೊಂದು ಹೊಡೆಯಿತು. ನೆಲ ಕಾಣದೆ ಒಂದು ಕಾಲು ವೇದಿಕೆಯ ಹೊರಗೆ ಹೋಯಿತು. ಪಕ್ಕದಲ್ಲಿದ್ದ ಹಾಸ್ಯಗಾರರು ಬಾಲ್‌ಮುಂಡಿನ ಹಿಂಬದಿಯನ್ನು ಹಿಡಿದೆಳೆಯದೆ ಇದ್ದಿದ್ದರೆ ಏನಾಗುತ್ತಿತ್ತೋ. ಪ್ರೇಕ್ಷಕರು ಅದನ್ನು ಹಾಸ್ಯವೆಂದೇ ತಿಳಿದು ನಕ್ಕರು.

ಇಷ್ಟನ್ನು ಓದಿದವರು, 'ಮಾಸ್ತರರು ಹಿಂದಿನ ಕಾಲವೇ ಚೆಂದವೆನ್ನುತ್ತಾರೆ' ಎಂದುಕೊಳ್ಳಬಹುದು. ನಮ್ಮ ಅಭಿಪ್ರಾಯ ಅದಲ್ಲ. ಎಳವೆಯಲ್ಲಿ ನಾವು ನೋಡಿದುದು ಗ್ಯಾಸ್‌ಲೈಟಿನ ಆಟಗಳನ್ನು. ಎರಡು ದೀಪಗಳ ಕೆಳಗೆ ನಿಂತವರು ಕಾಣುತ್ತಿದ್ದರು. ಹಿಂದೆ ಸರಿದವರು ಕತ್ತಲೆಗೆ ಸಲ್ಲುತ್ತಿದ್ದರು. ದೂರದಲ್ಲಿ ಕುಳಿತ ಹೆಂಗಸರಿಗೆ ಕಿರೀಟದ ಮಿನುಗು ಬಿಟ್ಟು ಬೇರೇನೂ ದಕ್ಕುತ್ತಿರಲಿಲ್ಲ. ಅದಕ್ಕೂ ಹಿಂದಿನ ದೊಂದಿಯ ಕಾಲದ ಬಗೆಗೆ ನಮ್ಮ ಅಜ್ಜಂದಿರು ಹೇಳುತ್ತಿದ್ದ ಮಾತಿನಲ್ಲಿ ಹೊಗೆಯ ದೂರು ತಪ್ಪದೆ ಇರುತ್ತಿತ್ತು. ಆದರೂ ಆ ಬೆಳಕಿಗೂ ಈ ವೇಷಕ್ಕೂ ಒಂದು ಒಪ್ಪಂದವಿತ್ತು. ಎಣ್ಣೆಯ ಉರಿಯ ಬೆಳಕು ಹಳದಿಗೆಂಪು. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಮಾನದಲ್ಲಿ ಅದು 2000ದ ಆಸುಪಾಸಿನದು. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಿರೀಟದ ಬೇಗಡೆ, ಅದರಲ್ಲಿ ಕೂರಿಸಿದ ಕನ್ನಡಿ ಚೂರು ಎಲ್ಲವೂ ಆ ಬೆಳಕಿನಲ್ಲಿ ಜೀವ ತಳೆಯುತ್ತಿದ್ದವು. ಬಣ್ಣದ ವೇಷದ ಪ್ರವೇಶದಲ್ಲಿ ದೊಂದಿಗೆ ರಾಳದ ಪುಡಿ ಎರಚುವ ಕ್ರಮವಂತೂ ಬೆಳಕಿನ ವಿನ್ಯಾಸವೇ ಸರಿ: ಇಡೀ ರಾತ್ರಿ ಅಡಗಿಸಿಟ್ಟ ಉಜ್ವಲತೆಯನ್ನು ಬೇಕಾದ ಒಂದು ಗಳಿಗೆಯಲ್ಲಿ ಖರ್ಚು ಮಾಡುವ ಲೆಕ್ಕಾಚಾರ ಅದು. ಇಂದಿನ ಅಗ್ಗದ ಬಿಳಿ ಎಲ್‌ಇಡಿ ದೀಪ 6000 ಕೆಲ್ವಿನ್‌ಗೂ ಮಿಕ್ಕಿದ ತಣ್ಣನೆಯ ಬೆಳಕು ಕೊಡುತ್ತದೆ. ಅದರ ಕೆಳಗೆ ಬೇಗಡೆಯ ಚಿನ್ನ ತಗಡಿನಂತೆ ಕಾಣುತ್ತದೆ.

ಹೊಸ ಉಪಕರಣಗಳಲ್ಲಿ ದೋಷವಿದೆಯೆಂದು ನಾವು ಹೇಳುವುದಿಲ್ಲ. ಹಿಂದೆ 1000 ವಾಟಿನ 24 ಪಾರ್ ದೀಪಗಳನ್ನು ಉರಿಸಲು 24 ಕಿಲೋವಾಟ್ ವಿದ್ಯುತ್ತು ಬೇಕಿತ್ತು. ಹಳ್ಳಿಯ ಗದ್ದೆಗೆ ದೊಡ್ಡ ಜನರೇಟರನ್ನೇ ತರಬೇಕಿತ್ತು. ಇಂದು 54 ವಾಟಿನ 24 ಎಲ್‌ಇಡಿ ದೀಪಗಳು ಒಂದು ಇಸ್ತ್ರಿಪೆಟ್ಟಿಗೆಗಿಂತ ತುಸು ಹೆಚ್ಚು ವಿದ್ಯುತ್ತಿನಲ್ಲಿ ಉರಿಯುತ್ತವೆ. ಸಣ್ಣ ಸಂಘಗಳಿಗೂ ಲೈಟಿಂಗ್ ಕೈಗೆಟುಕಿದ್ದು ಹೀಗೆ. 1986ರಲ್ಲಿ ರೂಪುಗೊಂಡ ಡಿಎಂಎಕ್ಸ್ ಎಂಬ ಪದ್ಧತಿಯಲ್ಲಿ ಒಂದೇ ತಂತಿಯ ಮೂಲಕ 512 ಎಳೆಗಳ ಆಜ್ಞೆಗಳನ್ನು ಕಳುಹಿಸಬಹುದು. ಪ್ರತಿಯೊಂದು ಎಳೆಯಲ್ಲೂ ಪೂರ್ಣ ಕತ್ತಲೆಯಿಂದ ಪೂರ್ಣ ಬೆಳಕಿನವರೆಗೆ 256 ಮೆಟ್ಟಿಲುಗಳಿವೆ. ಅಂದು ನಮ್ಮ ಗದ್ದೆಯಲ್ಲಿ ಬಳಕೆಯಾದುದು ಮೊದಲನೆಯ ಮೆಟ್ಟಿಲು ಮತ್ತು ಕೊನೆಯ ಮೆಟ್ಟಿಲು ಮಾತ್ರ. ಮಧ್ಯದ 254 ಹಾಗೆಯೇ ಉಳಿದವು.

ವೃತ್ತಿಪರ ಬೆಳಕುಗಾರಿಕೆ ಎಂಬುದು ಬೇರೆಯೇ ಶಿಸ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್ 1932ರಲ್ಲಿಯೇ ಇದಕ್ಕೊಂದು ಸರಳ ಕ್ರಮವನ್ನು ಬರೆದಿಟ್ಟರು. ರಂಗವನ್ನು ಸಣ್ಣ ಸಣ್ಣ ವಲಯಗಳಾಗಿ ಭಾಗಿಸುವುದು. ಪ್ರತಿ ವಲಯಕ್ಕೂ ನಟನ ಎಡಬಲಗಳಿಂದ, ಮೇಲಿನಿಂದ 45 ಅಂಶ ಓರೆಯಾಗಿ ಎರಡು ದೀಪಗಳನ್ನು ಬಿಡುವುದು. ಅವುಗಳಲ್ಲೊಂದು ತುಸು ಬೆಚ್ಚನೆಯ ಬಣ್ಣದ್ದು, ಇನ್ನೊಂದು ತುಸು ತಣ್ಣನೆಯದು. ಆಗ ಮೂಗು, ಹುಬ್ಬು, ಕೆನ್ನೆಗಳ ಉಬ್ಬುತಗ್ಗು ಉಳಿಯುತ್ತದೆ, ಕಣ್ಣು ಕಾಣುತ್ತದೆ. ನಮ್ಮ ದೇಶದ ತಾಪಸ್ ಸೇನ್ ಅವರು 1959ರಲ್ಲಿ ಕೋಲ್ಕತ್ತದ ಮಿನರ್ವಾ ರಂಗಮಂದಿರದಲ್ಲಿ, ಉತ್ಪಲ್ ದತ್ತರ 'ಅಂಗಾರ್' ನಾಟಕದ ಕಲ್ಲಿದ್ದಲ ಗಣಿಗೆ ನೀರು ನುಗ್ಗುವುದನ್ನು ಕೇವಲ ಬೆಳಕಿನಿಂದ ತೋರಿಸಿದರು. ಅವರ ಕೈಯಲ್ಲಿದ್ದ ಉಪಕರಣಗಳು ನಮ್ಮ ಗದ್ದೆಯಲ್ಲಿದ್ದುವುಗಳಿಗಿಂತ ಹಳೆಯವು. ನಾಟಕ ಓದಿ, ತಾಲೀಮು ನೋಡಿ, ಯಾವ ಮಾತಿಗೆ ಯಾವ ದೀಪವೆಂದು ಬರೆದಿಟ್ಟುಕೊಳ್ಳುವುದು ಈ ವೃತ್ತಿಯ ಮೊದಲ ಪಾಠ.

ಯಕ್ಷಗಾನಕ್ಕೆ ತಾಲೀಮೆಲ್ಲಿ, ಎಲ್ಲವೂ ಆಶುವಲ್ಲವೇ ಎಂದು ಕೇಳಬಹುದು. ನಿಜ. ಅದಕ್ಕಾಗಿಯೇ ಯಕ್ಷಗಾನಕ್ಕೆ ಬದಲಾಗುವ ಬೆಳಕು ಬೇಡವೆಂಬುದು ನಮ್ಮ ನಿಲುವು. ಎದುರಿನ ಎರಡು ಮೂಲೆಗಳಿಂದ ಬೆಚ್ಚನೆಯ ಸ್ಥಿರ ಬೆಳಕು, ಭುಜಕೀರ್ತಿಯ ಅಂಚು ಕಾಣುವಷ್ಟು ಹಿಂಬೆಳಕು, ಭಾಗವತರ ಪುಸ್ತಕದ ಮೇಲೊಂದು ಮಂದ ದೀಪ ಇದ್ದರೆ ಸಾಕು. ಕಲಾವಿದನ ಕಣ್ಣಿನ ಮಟ್ಟಕ್ಕೆ ಯಾವ ದೀಪವೂ ಇರಕೂಡದು. ಬಣ್ಣದ ವೇಷದ ಪ್ರವೇಶಕ್ಕೆ ವಿದ್ಯುತ್ತಿನ ಬೆಳಕನ್ನು ತಗ್ಗಿಸಿ ದೊಂದಿ, ರಾಳಗಳಿಗೆ ಅವಕಾಶ ಕೊಡಬಹುದು. ಇದನ್ನು ಒಪ್ಪದವರೂ ಇದ್ದಾರೆ. 'ಬಣ್ಣಬಣ್ಣದ ಲೈಟಿಲ್ಲದಿದ್ದರೆ ಮಕ್ಕಳು ಬರುವುದಿಲ್ಲ ಸರ್' ಎಂದು ನಮ್ಮ ಹಳೆಯ ವಿದ್ಯಾರ್ಥಿಯೇ ಆದ ಸಮಿತಿಯ ಸದಸ್ಯನೊಬ್ಬ ಹೇಳಿದ. ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಮಲಯಾಳದಲ್ಲಿ ಓದುವ ನಮ್ಮ ಮೊಮ್ಮಕ್ಕಳು ಕನ್ನಡದ ದೀರ್ಘ ವಾಕ್ಯಗಳನ್ನು ಕೇಳುವ ಅಪರೂಪದ ಜಾಗಗಳಲ್ಲಿ ಆಟದ ಗದ್ದೆಯೂ ಒಂದು. ಆದರೆ ಮಾತು ಪೂರ್ತಿ ತಿಳಿಯದ ಮಗುವಿಗೆ ಮುಖವಾದರೂ ಕಾಣಬೇಡವೇ?

ಬಾಡಿಗೆಗೆ ದೀಪ ತಂದ ಹುಡುಗನನ್ನು ಮರುದಿನ ನಾವು ಮಾತನಾಡಿಸಿದೆವು. ಮದುವೆಯ ಆರತಕ್ಷತೆ, ಕಾಲೇಜು ವಾರ್ಷಿಕೋತ್ಸವಗಳಲ್ಲಿ ಮಾಡಿದ್ದನ್ನೇ ಅವನು ಇಲ್ಲಿಯೂ ಮಾಡಿದ್ದ. 'ಪ್ರಸಂಗ ಯಾವುದೆಂದು ನನಗೆ ಯಾರೂ ಹೇಳಲಿಲ್ಲ ಸರ್' ಎಂದ. ನಾವು ಉತ್ತರ ಕೊಡಲಿಲ್ಲ, ಕೊಡುವಂತಿರಲಿಲ್ಲ.

ಈ ಸಮ್ಮೇಳನದ ರಾತ್ರಿಯ ಆಟಕ್ಕೆ ಅದೇ ಹುಡುಗ ದೀಪ ತರುತ್ತಿದ್ದಾನೆ. ತಿರುಗುವ ದೀಪಗಳನ್ನು ಕರಾರಿನಿಂದ ಬಿಟ್ಟಿದ್ದೇವೆ. ಬಣ್ಣದ ವೇಷದವರು ಎಂದಿಗಿಂತ ಎರಡು ಗಂಟೆ ಮೊದಲೇ ಚೌಕಿಯಲ್ಲಿ ಕುಳಿತು, ಚುಟ್ಟಿ ಇಟ್ಟಾದ ಮೇಲೆ ಒಮ್ಮೆ ದೀಪದ ಕೆಳಗೆ ಬಂದು ನಿಲ್ಲಲು ಒಪ್ಪಿದ್ದಾರೆ. ಹುಡುಗ ಅವರ ಮುಖ ನೋಡಿಕೊಂಡು ದೀಪಗಳನ್ನು ಕಟ್ಟುತ್ತಾನೆ.