ದಪ್ಪಕ್ಷರದ ಒಳಗಿನ ಬಿಳಿ

‘ಬಾಲೂ ತಮ್ಮ’ ಫಾಂಟಿನ ಹೆಸರೇ ಅದರ ಸ್ವಭಾವ ಹೇಳುತ್ತದೆ: ಬಾಲೂ ಎಂಬ ಕರಡಿಯ ಮೈಕಟ್ಟು, ತಮ್ಮನ ಸಲಿಗೆ. ಮುಂಬೈಯ ಏಕ್ ಟೈಪ್ ಸಂಸ್ಥೆ 2016ರಲ್ಲಿ ಭಾರತೀಯ ಲಿಪಿಗಳಿಗೆಂದು ಹೊರತಂದ ಬಾಲೂ ಕುಟುಂಬದ ಕನ್ನಡ ಕುಡಿ ಇದು. ರೂಪಿಸಿದವರು ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್. ಮುಕ್ತ ಪರವಾನಗಿ ಇರುವುದರಿಂದ ಯಾರು ಬೇಕಾದರೂ ದುಡ್ಡಿಲ್ಲದೆ ಬಳಸಬಹುದು. ಕನ್ನಡ ಲಿಪಿ ಮೊದಲೇ ದುಂಡು, ಹಾಗಾಗಿ ದುಂಡನೆಯ ದಪ್ಪಕ್ಷರ ಅದಕ್ಕೆ ತಾನಾಗಿ ಒಗ್ಗುತ್ತದೆ ಎಂದು ಮೆಚ್ಚುವವರಿದ್ದಾರೆ. ನನಗೆ ಇದು ಅರ್ಧ ಸತ್ಯವೆನಿಸುತ್ತದೆ. ಎಲ್ಲ ಅಕ್ಷರಗಳೂ ದುಂಡಾಗಿರುವ ಲಿಪಿಯಲ್ಲಿ ಒಂದರಿಂದ ಇನ್ನೊಂದನ್ನು ಬೇರ್ಪಡಿಸುವ ಕೆಲಸ ಸಣ್ಣ ಸೀಳು, ಚುಕ್ಕಿ, ಗಂಟುಗಳ ಪಾಲಿಗೆ ಬಂದಿದೆ. ‘ದ’ದ ಅಡಿ ಸೀಳಿದರೆ ‘ಧ’, ‘ರ’ದ ನಡುವೆ ಚುಕ್ಕಿಯಿಟ್ಟರೆ ‘ಠ’. ಗೆರೆ ದಪ್ಪವಾದಷ್ಟೂ ಈ ಗುರುತುಗಳ ಜಾಗ ಕಿರಿದಾಗುತ್ತದೆ. ಆದ್ದರಿಂದ ಕನ್ನಡದ ದಪ್ಪ ಫಾಂಟನ್ನು ಅಳೆಯಬೇಕಾದದ್ದು ಅದು ಒಳಗೆ ಉಳಿಸಿಕೊಂಡ ಬಿಳಿಯಿಂದ.

ಕಲಬುರಗಿ ಜಿಲ್ಲೆಯ ಮೂರು ತಾಲ್ಲೂಕುಗಳ ಹೆಸರನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳೋಣ. ‘ಆಳಂದ’ದಲ್ಲಿ ಒತ್ತಕ್ಷರವಿಲ್ಲ, ಸೊನ್ನೆ, ‘ದ’ ಎರಡೂ ತುಂಬುಗೆನ್ನೆಯ ಅಕ್ಷರಗಳು. ಇಂಥ ಹೆಸರು ಬಾಲೂ ತಮ್ಮದಲ್ಲಿ ಅರಳುತ್ತದೆ. ‘ಅಫಜಲಪುರ’ಕ್ಕೆ ಬಂದಾಗ ‘ಫ’ದ ಅಡಿಯ ಸೀಳು ಎಲ್ಲವನ್ನೂ ಹೊತ್ತಿದೆ, ಅದು ತುಂಬಿಕೊಂಡರೆ ಊರು ‘ಅಪಜಲಪುರ’ವಾಗುತ್ತದೆ. ‘ಜೇವರ್ಗಿ’ಯ ‘ಜ’ದ ಒಳಸುರುಳಿಗೂ ಇಂಥದೇ ಇಕ್ಕಟ್ಟು. ಆಳಂದದ ದರ್ಗಾದ ಹೆಸರು ‘ಲಾಡ್ಲೆ ಮಶಾಕ’ ಎಂದು ಬರೆದರೆ ‘ಡ’ದ ಕೆಳಗಿನ ಲಕಾರದ ಒತ್ತು ಮುಂದಿನ ಸಾಲಿನ ಜಾಗ ಕೇಳುತ್ತದೆ. ಫಾಂಟಿನ ಮೊದಲ ಆವೃತ್ತಿಯಲ್ಲಿ ಒಂದೇ ತೂಕ (ಗೆರೆಯ ದಪ್ಪ) ಇತ್ತು, ಬಳಸುವವನಿಗೆ ಆಯ್ಕೆ ಇರಲಿಲ್ಲ. ಅದು ನಿಜವಾದ ಕೊರತೆ. ಆಮೇಲೆ ಬಂದ ‘ಬಾಲೂ ತಮ್ಮ 2’ರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ತೂಕಗಳಿವೆ. ಈ ಫಾಂಟಿನ ದೊಡ್ಡ ಬೆಳವಣಿಗೆ ಎಂದು ನಾನು ಎಣಿಸುವುದು ಇದನ್ನೇ.

ಸಂದರ್ಭ ನೋಡಿ ಓದುಗ ಊಹಿಸಿಕೊಳ್ಳುತ್ತಾನಲ್ಲ ಎಂದು ಕೇಳಬಹುದು. ಕತೆಯ ಸಾಲಿನಲ್ಲಿ ಹಾಗೆ ನಡೆದೀತು. ಬೋರ್ಡಿನ ಮೇಲೆ ಹೆಸರೊಂದೇ ಇರುತ್ತದೆ. ಅಕ್ಷರ ಕಲಿಯುತ್ತಿರುವ ಮಗುವಿಗೂ ಪರವೂರಿನಿಂದ ಬಂದವರಿಗೂ ಹಿಂದುಮುಂದಿನ ಆಸರೆ ಸಿಗುವುದಿಲ್ಲ. ಪೇಂಟರನ ಕುಂಚವೇ ಮೇಲಿತ್ತು ಎಂಬ ಇನ್ನೊಂದು ಆಕ್ಷೇಪದಲ್ಲಿ ತಿರುಳಿದೆ: ಪಳಗಿದ ಕೈ ಇಕ್ಕಟ್ಟಾದ ಅಕ್ಷರವನ್ನು ಅಲ್ಲೇ ಅಗಲ ಮಾಡಬಲ್ಲದು. ಫಾಂಟಿಗೆ ಆ ವಿವೇಚನೆ ಇಲ್ಲ. ಆದರೆ ಫ್ಲೆಕ್ಸ್ ಸಿದ್ಧಪಡಿಸುವವರು ‘ಅಫಜಲಪುರ’ಕ್ಕೆ ಒಂದು ಹಂತ ತೆಳುವಾದ ತೂಕ ಆರಿಸಿದರೆ ಅದೇ ವಿವೇಚನೆ ಮರಳಿ ಬರುತ್ತದೆ. ಕುಂಚಕ್ಕೆ ಸುಲಭವಲ್ಲದ ಒಂದು ಅನುಕೂಲವೂ ಇಲ್ಲಿದೆ. ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ಆಳಂದದಂಥ ಕಡೆ ಕನ್ನಡ, ಮರಾಠಿ, ಉರ್ದು ಮೂರೂ ಬದುಕಿವೆ. ಬಾಲೂ ಕುಟುಂಬದಲ್ಲಿ ದೇವನಾಗರಿಗೂ ಉರ್ದುವಿಗೂ ಒಡಹುಟ್ಟುಗಳಿರುವುದರಿಂದ ಒಂದೇ ಫಲಕದಲ್ಲಿ ಮೂರು ಲಿಪಿಗಳು ಒಂದೇ ಮನೆಯವರಂತೆ ಕಾಣಬಲ್ಲವು. ಕನ್ನಡ ಭಾಷೆಯ ಬಳಕೆ ಕುರಿತ ಕರ್ನಾಟಕದ 2024ರ ತಿದ್ದುಪಡಿ ಕಾಯ್ದೆ ನಾಮಫಲಕದ ಶೇ 60ರಷ್ಟು ಜಾಗವನ್ನು ಕನ್ನಡಕ್ಕೆ ಕೊಟ್ಟಿದೆ. ಆ ಜಾಗದಲ್ಲಿ ‘ಫ’ದ ಸೀಳು ರಸ್ತೆಯ ಆಚೆ ಬದಿಯಿಂದಲೂ ಕಂಡರೆ ಈ ಫಾಂಟು ಗೆದ್ದಂತೆ.