ಕವಳಿಗೊಂದು ಡ್ರಮ್ಮು

ಮೇ ತಿಂಗಳಲ್ಲಿ ಕರ್ಜತ್, ಕಸಾರಾ ಕಡೆಯ ಸ್ಟೇಷನ್ನುಗಳಲ್ಲಿ ಒಂದು ಕೂಗು ಕೇಳುತ್ತದೆ: ‘ಡೋಂಗರಚೀ ಕಾಳೀ ಮೈನಾ!’ ಗುಡ್ಡದ ಈ ಕರಿ ಮೈನಾ ಹಕ್ಕಿಯಲ್ಲ, ಎಲೆಯ ದೊನ್ನೆ ತುಂಬಿದ ಕರವಂದ. ಆದಿವಾಸಿ ಹೆಂಗಸರು ಸಹ್ಯಾದ್ರಿಯ ಮುಳ್ಳುಪೊದೆಗಳಿಂದ ಬಿಡಿಸಿ ತಂದದ್ದು. ಡೊಂಬಿವಲಿ, ಠಾಣೆಯ ಕನ್ನಡ ಮನೆಗಳಲ್ಲಿ ಇದಕ್ಕೆ ಊರಿಗೊಂದು ಹೆಸರು. ಉತ್ತರ ಕರ್ನಾಟಕದವರಿಗೆ ಕವಳಿ, ಕರಾವಳಿಯವರಿಗೆ ಕರಂಡೆ.

ಯುರೋಪಿನ ಹಿತ್ತಿಲುಗಳಲ್ಲಿ ಕಾಣುವ ಹಣ್ಣಿನ ಪೊದೆಗಳಲ್ಲೊಂದು ಎಲ್ಡರ್‌ಬೆರಿ. ತಂಪು ನಾಡಿನ ಆ ಗಿಡವನ್ನು ನವಿ ಮುಂಬಯಿಯ ಸೆಕೆಯಲ್ಲಿ ಬೆಳೆಸಲು ಹೆಣಗುವುದಕ್ಕಿಂತ ಇಲ್ಲಿಯದೇ ಆದ ಕವಳಿ ಸಾವಿರ ಪಾಲು ಮೇಲು.

ಇದಕ್ಕೆ ಬೇಕಾದದ್ದು ಎರಡೇ: ದಿನವಿಡೀ ಬಿಸಿಲು, ನೀರು ನಿಲ್ಲದ ಬುಡ. ಗಚ್ಚಿಯ ಮೇಲಾದರೆ ದೊಡ್ಡ ಡ್ರಮ್ಮು, ತಳದಲ್ಲಿ ಧಾರಾಳ ತೂತು, ಮಣ್ಣಿಗೆ ಅರ್ಧದಷ್ಟು ಮುರುಮು. ಕೊಂಕಣದ ಮಳೆಗಾಲದಲ್ಲಿ ಈ ಗಿಡ ಸಾಯುವುದು ಬೇರು ಕೊಳೆತೇ. ಸೊಸೈಟಿಯ ಕಾಂಪೌಂಡಿನಲ್ಲಿ ಸಾಲಾಗಿ ನೆಟ್ಟರೆ ದನವೂ ನುಗ್ಗದ ಬೇಲಿ.

ಜನವರಿಯಿಂದಾಚೆಗೆ ಮಲ್ಲಿಗೆಯಂಥ ಬಿಳಿ ಹೂ, ಮಲ್ಲಿಗೆಯಂಥದೇ ಕಂಪು. ಹೂ ಬಿಡುವುದು ಚಿಗುರಿನ ತುದಿಯಲ್ಲಿ. ಆದ್ದರಿಂದ ಕತ್ತರಿ ಆಡಿಸುವುದಿದ್ದರೆ ಹಣ್ಣು ಮುಗಿದ ಕೂಡಲೇ ಆಡಿಸಬೇಕು. ಡಿಸೆಂಬರಿನಲ್ಲಿ ಸವರಿದವರು ಆ ವರ್ಷದ ಫಸಲನ್ನೇ ಸವರಿದಂತೆ. ಕಣಗಿಲೆಯ ಕುಟುಂಬದ ಗಿಡ, ಎಲ್ಲಿ ಗಾಯವಾದರೂ ಹಾಲು ಸುರಿಯುತ್ತದೆ. ಹಸಿರು ಕಾಯಿಯನ್ನು ಸೀಳಿದರೆ ಬೆರಳಿಗೂ ಚಾಕುವಿಗೂ ಬಿಳಿ ಅಂಟು. ಉಪ್ಪುನೀರಿನಲ್ಲಿ ಅದ್ದಿಟ್ಟು ತೊಳೆದ ಮೇಲೆಯೇ ಉಪ್ಪಿನಕಾಯಿ. ಕಪ್ಪಾಗಿ ಕಳಿತ ಹಣ್ಣಿನ ಒಳಗು ಕಡುಗೆಂಪು, ಹುಳಿಸಿಹಿ. ಆಗಲೂ ತುಟಿಗೆ ಒಂದಿಷ್ಟು ಅಂಟದೆ ಬಿಡದು. ಬೇಕರಿಯ ಕೇಕಿನ ಮೇಲೆ ಕೂತಿರುವ ಕೆಂಪು ‘ಚೆರಿ’ ಕೂಡ ಬಹಳಷ್ಟು ಸಲ ಬಣ್ಣ, ಸಕ್ಕರೆಪಾಕ ಕುಡಿದ ಕವಳಿಯೇ.

ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠ ‘ಕೊಂಕಣ ಬೋಲ್ಡ್’ ಎಂಬ ದಪ್ಪ ಹಣ್ಣಿನ ತಳಿ ಕೊಟ್ಟಿದೆ. ಉಪ್ಪಿನಕಾಯಿಗೆ ಅದು ಸರಿ. ಬಾಯಿಗೆ ಹಾಕಿಕೊಳ್ಳಲು ಮಾತ್ರ ಗುಡ್ಡದ ಸಣ್ಣ ಹಣ್ಣೇ ಸೈ.

ಗುಡ್ಡದ ಗಿಡಕ್ಕೆ ನರ್ಸರಿಗೂ ಹೋಗಬೇಕಿಲ್ಲ. ಬೀಜದಿಂದಲೇ ಬೆಳೆಸಬಹುದು, ಆದರೆ ಬೀಜ ಒಣಗಿದರೆ ಮೊಳೆಯುವ ಶಕ್ತಿ ಬೇಗ ಕಳೆದುಕೊಳ್ಳುತ್ತದೆ. ಈ ಮೇ ತಿಂಗಳಲ್ಲಿ ಒಂದು ದೊನ್ನೆ ಕೊಳ್ಳಿ, ತಿಂದು ಉಳಿದ ಬೀಜ ತೊಳೆದು ಅದೇ ವಾರ ಮಣ್ಣಿಗೆ ಹಾಕಿ. ಮೊದಲ ಹಣ್ಣಿಗೆ ಮೂರು ನಾಲ್ಕು ವರ್ಷ ಕಾಯಬೇಕು.